ಮೊದಲ ಕಾಂಪೌಂಡ್ ಬಿಲ್ಲು: ಪೌಂಡಿಗಿಂತ ಮೊದಲು ತೋಳಿನ ಅಳತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಂಪೌಂಡ್ ಬಿಲ್ಲು, ಅಂದರೆ ಎರಡು ತುದಿಗೂ ಗಾಲಿಯಿರುವ ಈ ಕಾಲದ ಬಿಲ್ಲು, ಕೊಳ್ಳಬೇಕು ಅಂತ ಬರುವ ಹುಡುಗರು ಮೊದಲು ಕೇಳುವ ಮಾತು ಒಂದೇ: "ಸರ, ಎಷ್ಟು ಪೌಂಡಿಂದು ತಗೊಳ್ಳಲಿ? 70 ಪೌಂಡಿಂದು ಛಲೋ ಇರ್ತದೇನ್ರಿ?" ಪೌಂಡು ಅಂದರೆ ಹೆದೆ ಎಳೆಯಲಿಕ್ಕೆ ಬೇಕಾದ ಬಲ. ಹುಬ್ಬಳ್ಳಿಯವರಿರಲಿ, ಧಾರವಾಡದವರಿರಲಿ, ಗದಗ-ಹಾವೇರಿ ಕಡೆಯಿಂದ ಬಂದವರಿರಲಿ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡಿರುತ್ತಾರೆ. ಅಲ್ಲಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಕೂತವನು 70 ಪೌಂಡಿನ ಬಿಲ್ಲೆಳೆದು ಜಿಂಕೆ ಕೆಡವಿರುತ್ತಾನೆ. ನಾನು ತಿರುಗಿ ಕೇಳುವುದು ಬೇರೆ: "ನಿನ್ನ ತೋಳು ಎಷ್ಟು ಉದ್ದ ಅದಪಾ?" ಇದಕ್ಕೆ ಉತ್ತರ ಇಟ್ಟುಕೊಂಡು ಬಂದವರನ್ನು ಕಂಡದ್ದು ಕಡಿಮೆ. ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ಅದಕ್ಕೂ ಮುಂಚೆ ಕಾನೂನಿನ ವಿಷಯ ಮುಗಿಸಿಬಿಡೋಣ. ಕಂಪನಿಗಳು ಇದನ್ನು ಹಂಟಿಂಗ್ ಬೋ, ಅಂದರೆ ಬೇಟೆಬಿಲ್ಲು ಅಂತಲೇ ಮಾರುತ್ತವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮ ದೇಶದಲ್ಲಿ ಹವ್ಯಾಸದ ಬೇಟೆ ಎನ್ನುವುದೇ ಇಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಆ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಹೊಡೆದವರಿಗೆ 3ರಿಂದ 7 ವರ್ಷ ಜೈಲು. ಗೋವಿನಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನಾದರೂ ನಮ್ಮಿಷ್ಟಕ್ಕೆ ಹೊಡೆಯುವ ಹಾಗಿಲ್ಲ. ಒಂದೇ ಹಂದಿಗೆ ಎರಡು ಬಾಣ ಬಿದ್ದು ಶಿವನಿಗೂ ಅರ್ಜುನನಿಗೂ ಜಗಳ ಹತ್ತಿದ್ದು ನಿಮಗೆಲ್ಲ ಗೊತ್ತಿರುವ ಕಥೆ. ಈಗಿನ ಕಾಲದಲ್ಲಾಗಿದ್ದರೆ ಪಾಶುಪತಾಸ್ತ್ರಕ್ಕೆ ಮುಂಚೆ ಅರಣ್ಯ ಇಲಾಖೆಯ ಜೀಪು ಬಂದಿರುತ್ತಿತ್ತು.

ಹಾಗಿದ್ದರೆ ಬೇಟೆಬಿಲ್ಲು ನಮಗ್ಯಾಕೆ? ನ್ಯಾಯವಾದ ಪ್ರಶ್ನೆ. ನನ್ನ ಮಟ್ಟಿಗೆ ಹೇಳುವುದಾದರೆ, ಜೀವಮಾನದಲ್ಲಿ ಬೇಟೆಯಾಡದವನಿಗೂ ಮೊದಲ ಬಿಲ್ಲಾಗಿ ಇದೇ ಒಳ್ಳೆಯದು. ಸ್ಪರ್ಧೆಗೆಂದೇ ಮಾಡಿದ ಕಾಂಪೌಂಡ್ ಬಿಲ್ಲು ಈ ತುದಿಯ ಗಾಲಿಯ ಅಚ್ಚಿನಿಂದ ಆ ತುದಿಯ ಗಾಲಿಯ ಅಚ್ಚಿಗೆ ಅಳೆದರೆ 36ರಿಂದ 40 ಇಂಚು ಇರುತ್ತದೆ, ಬೆಲೆ ಹೆಚ್ಚು, ಅಳತೆ ಬದಲಿಸುವ ಅವಕಾಶ ಕಡಿಮೆ. ಬೇಟೆಬಿಲ್ಲು 28ರಿಂದ 33 ಇಂಚು, ಗಟ್ಟಿಮುಟ್ಟು. ಅದರಲ್ಲೂ ಹೊಸಬರಿಗೆಂದು ಮಾಡಿದ ಮಾದರಿಗಳನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಬೇರ್ ಕಂಪನಿಯ ಕ್ರೂಜರ್ ಜಿ-2 ಅನ್ನುವ ಬಿಲ್ಲಿನ ಎಳೆತದ ಬಲವನ್ನು 5ರಿಂದ 70 ಪೌಂಡಿನವರೆಗೆ, ಎಳೆತದ ಉದ್ದವನ್ನು 12ರಿಂದ 30 ಇಂಚಿನವರೆಗೆ ಹೊಂದಿಸಬಹುದು. ಒಂಬತ್ತನೇ ಇಯತ್ತೆಯ ಮಗಳೂ ಎಳೆಯಬಹುದು, ಮರುವಾರ ಅಪ್ಪನೂ ಎಳೆಯಬಹುದು. ಇಲ್ಲಿ ಒಂದು ಒಳಗುಟ್ಟಿದೆ. ಕೆಲವು ಬಿಲ್ಲುಗಳಲ್ಲಿ ಎಳೆತದ ಉದ್ದ ಬದಲಿಸಬೇಕಾದರೆ ಬೋ ಪ್ರೆಸ್ ಎಂಬ ಯಂತ್ರಕ್ಕೆ ಹಾಕಿ ಹೆದೆ ಸಡಿಲಿಸಬೇಕು. ಆ ಯಂತ್ರ ಇರುವ ಕಡೆಗೆ ಪ್ರತಿಸಲ ಬಸ್ಸು ಹತ್ತಿ ಹೋಗುವುದು ಯಾರಿಗೆ ಬೇಕು? ಷಡ್ಭುಜದ ಕೀಲಿಯಲ್ಲಿ (ಅಲೆನ್ ಕೀ) ಮನೆಯಲ್ಲೇ ಹೊಂದಿಸಬಹುದಾದ ಬಿಲ್ಲನ್ನೇ ಕೇಳಿ ತಗೊಳ್ಳಿ.

ಈ ಬಿಲ್ಲು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಆಲೆನ್ ಎಂಬಾತ ಇದನ್ನು ಕಂಡುಹಿಡಿದ. 1969ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಬಿದಿರಿನ ಬಿಲ್ಲನ್ನು ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ, ಪೂರ್ತಿ ಎಳೆದಾಗ ಭಾರ ಎಲ್ಲಕ್ಕಿಂತ ಹೆಚ್ಚು. ಕಾಂಪೌಂಡಿನ ಎರಡು ತುದಿಗೂ ಗಾಲಿಗಳಿವೆ, ಅವಕ್ಕೆ ಕ್ಯಾಮ್ ಅನ್ನುತ್ತಾರೆ. ಅವು ದುಂಡಗಿಲ್ಲ, ಓರೆಯಾಗಿ ತಿರುಗುತ್ತವೆ. ತುಂಬಿದ ಚಕ್ಕಡಿಯನ್ನು ಬದು ಹತ್ತಿಸುವಾಗ ನೆತ್ತಿಯವರೆಗೆ ಎತ್ತುಗಳ ಉಸಿರು ಹೋಗುತ್ತದಲ್ಲ, ನೆತ್ತಿ ದಾಟಿದ ಮೇಲೆ ಚಕ್ಕಡಿ ತಾನೇ ಹಗುರಾಗುತ್ತದೆ, ಹಾಗೆ. ಈ ಇಳಿಕೆಗೆ ಲೆಟ್-ಆಫ್ ಅಂತ ಹೆಸರು. 50 ಪೌಂಡಿನ ಬಿಲ್ಲಿಗೆ ಶೇಕಡಾ 80 ಲೆಟ್-ಆಫ್ ಇದ್ದರೆ, ನಡುವೆ ಸುಮಾರು 23 ಕಿಲೋ ಬಲ ಹಾಕಿ ಎಳೆದವನು ಕೊನೆಗೆ ಹಿಡಿದು ನಿಲ್ಲಬೇಕಾದ್ದು ನಾಲ್ಕೂವರೆ ಕಿಲೋ ಮಾತ್ರ. ಅದಕ್ಕೇ ಆತ ನಿಧಾನವಾಗಿ ಗುರಿ ನೋಡಬಲ್ಲ.

ಆದರೆ ಆ ಹಗುರಾಗುವ ಜಾಗ ಒಂದೇ. ಅಲ್ಲಿಗೆ ಬಂದು ಹೆದೆ ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ, ಮುಂದಕ್ಕೆ ಎಳೆಯಲಿಕ್ಕೆ ಬರುವುದಿಲ್ಲ. ಬಿದಿರಿನ ಬಿಲ್ಲಾದರೆ ಕುಳ್ಳನೂ ಉದ್ದನೆಯವನೂ ತಮ್ಮ ತಮ್ಮ ತೋಳಿದ್ದಷ್ಟು ಎಳೆಯಬಹುದು. ಕಾಂಪೌಂಡ್ ಹಾಗಲ್ಲ, ಅದರ ಎಳೆತದ ಉದ್ದ ನಿಮ್ಮ ತೋಳಿಗೆ ಸರಿಯಾಗಿ ಕೂಡಲೇಬೇಕು. ಪೌಂಡಿನ ಪ್ರಶ್ನೆಗಿಂತ ತೋಳಿನ ಪ್ರಶ್ನೆ ಮೊದಲು ಅಂದದ್ದು ಇದಕ್ಕೆ.

ಅಳೆಯುವುದು ಸುಲಭ. ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಚಾಚಿ. ಎದೆಯುಬ್ಬಿಸಿ ಎಳೆದಾಡಬೇಡಿ, ಸಹಜವಾಗಿ ನಿಲ್ಲಿ. ಮನೆಯವರು ಯಾರಾದರೂ ನಡುಬೆರಳಿನ ತುದಿಯಿಂದ ಇನ್ನೊಂದು ನಡುಬೆರಳಿನ ತುದಿಯವರೆಗೆ ಇಂಚಿನಲ್ಲಿ ಅಳೆಯಲಿ. ಬಂದದ್ದನ್ನು ಎರಡೂವರೆಯಿಂದ ಭಾಗಿಸಿ, ಅದೇ ನಿಮ್ಮ ಎಳೆತದ ಉದ್ದ. 65 ಇಂಚು ಬಂದರೆ 26, 70 ಬಂದರೆ 28. ಇದು ಶುರು ಮಾಡಲಿಕ್ಕೆ ಒಂದು ಲೆಕ್ಕ, ಅಷ್ಟೇ. ಅನುಮಾನ ಬಂದರೆ ಅರ್ಧ ಇಂಚು ಕಡಿಮೆಯನ್ನೇ ಆರಿಸಿಕೊಳ್ಳಿ. ಉದ್ದ ಹೆಚ್ಚಾದ ಬಿಲ್ಲು ಹಿಡಿದವನನ್ನು ದೂರದಿಂದಲೇ ಗುರುತಿಸಬಹುದು: ಸೊಂಟದಿಂದ ಹಿಂದಕ್ಕೆ ವಾಲಿರುತ್ತಾನೆ, ಹೆದೆ ಕಿವಿಯಾಚೆ ಹೋಗಿರುತ್ತದೆ, ಸಂಜೆಗೆ ಎಡಗೈಯ ಮುಂಗೈ ಮೇಲೆ ಹೆದೆ ಬಡಿದ ಬಾಸುಂಡೆ ಎದ್ದಿರುತ್ತದೆ.

ಬಿಲ್ಲು ಮನುಷ್ಯನಿಗೆ ಎಷ್ಟರ ಮಟ್ಟಿಗೆ ಹೊಂದಬಹುದು ಅನ್ನುವುದಕ್ಕೆ ಶೀತಲ್ ದೇವಿಯನ್ನು ನೋಡಬೇಕು. ಎರಡೂ ತೋಳಿಲ್ಲದ ಹುಡುಗಿ. ಕುರ್ಚಿಯಲ್ಲಿ ಕೂತು, ಕಾಲಲ್ಲಿ ಕಾಂಪೌಂಡ್ ಬಿಲ್ಲೆತ್ತಿ, ಭುಜದಿಂದ ಹೆದೆ ಎಳೆದು, ದವಡೆಯ ಬಲದಲ್ಲಿ ಬಾಣ ಬಿಡುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ ಕಂಚು ಗೆದ್ದಳು. ಆಕೆಯ ಬಿಲ್ಲಿನ ಒಂದೊಂದು ಅಳತೆಯೂ ಆಕೆಯ ಮೈಯಿಂದ ಹುಟ್ಟಿದ್ದು.

ಇನ್ನು ಕಣ್ಣು. ಬಲಗೈಯವರೆಲ್ಲ ಬಲಗೈ ಬಿಲ್ಲನ್ನೇ, ಅಂದರೆ ಬಲಗೈಯಿಂದ ಹೆದೆ ಎಳೆಯುವ ಬಿಲ್ಲನ್ನೇ, ಕೊಳ್ಳಬೇಕು ಅಂತಿಲ್ಲ. ಎರಡು ಅಂಗೈ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಆ ಕಿಂಡಿಯಲ್ಲಿ ನೃಪತುಂಗ ಬೆಟ್ಟದ ಮೇಲಿನ ಒಂದು ಮರವನ್ನೋ ಕಂಬವನ್ನೋ ನೋಡಿ. ಈಗ ಎಡಗಣ್ಣು ಮುಚ್ಚಿ. ಮರ ಅಲ್ಲೇ ಇದ್ದರೆ ನಿಮ್ಮದು ಬಲಗಣ್ಣಿನ ನೋಟ, ಮಾಯವಾದರೆ ಎಡಗಣ್ಣಿನದು. ಬಲಗೈ ಬಳಸುವವರಿಗೆ ಎಡಗಣ್ಣು ಮುಂದಾಗಿದ್ದರೆ ಶುರುವಿನಲ್ಲೇ ಎಡಗೈ ಬಿಲ್ಲು ಹಿಡಿಯುವುದು ವಾಸಿ. ಕಾಂಪೌಂಡಿನಲ್ಲಿ ಎಡ ಬಲ ಬೇರೆ ಬೇರೆ ಮಾಡಿರುತ್ತಾರೆ. ಸವ್ಯಸಾಚಿ ಇವತ್ತು ಅಂಗಡಿಗೆ ಬಂದರೆ ಎರಡು ಬಿಲ್ಲು ಕೊಳ್ಳಬೇಕಾಗುತ್ತದೆ.

ಈಗ ಬರೋಣ ಪೌಂಡಿಗೆ. ಗಟ್ಟಿಮುಟ್ಟಾದ ಗಂಡಸಿಗೂ ಶುರುವಿಗೆ 40ರಿಂದ 45 ಪೌಂಡು ಸಾಕು, ಹೆಂಗಸರಿಗೆ 25ರಿಂದ 35. ಗರಡಿಮನೆಯಲ್ಲಿ ಸಾಮು ಮಾಡಿದವರು ಇದನ್ನು ಕೇಳಿ ನಗುತ್ತಾರೆ, ನಗಲಿ. ಬಿಲ್ಲೆಳೆಯುವುದು ತೋಳಲ್ಲ, ಬೆನ್ನಿನ ಮೇಲೆ ಎರಡು ಹೆಗಲ ಹಲಗೆಗಳ ನಡುವಿನ ಸ್ನಾಯು. ಪರೀಕ್ಷೆ ಹೀಗೆ: ಕುರ್ಚಿಯ ಮೇಲೆ ಕೂತು, ಬಿಲ್ಲನ್ನು ಗುರಿಯ ಕಡೆ ನೇರ ಹಿಡಿದು, ಮೇಲಕ್ಕೆತ್ತದೆ ಎಳೆಯಿರಿ. ಅರ್ಧ ನಿಮಿಷ ಹಿಡಿಯಿರಿ. ಬಾಣ ಬಿಡದೆ ನಿಧಾನವಾಗಿ ಹಿಂದಕ್ಕೆ ಬಿಟ್ಟುಕೊಡಿ. ಎಳೆಯಬೇಕಾದರೆ ಬಿಲ್ಲು ಮುಗಿಲಿಗೆ ಏರಿತೋ, ಆ ಪೌಂಡು ನಿಮ್ಮದಲ್ಲ. ಹಿಂದಕ್ಕೆ ಬಿಟ್ಟುಕೊಡುವಾಗಲೂ ಎಚ್ಚರ. ಹಗುರಾದ ಜಾಗ ದಾಟಿದ ಕೂಡಲೇ ಬಿಲ್ಲು ಒಮ್ಮೆಲೇ ಮುಂದಕ್ಕೆ ಜಗ್ಗುತ್ತದೆ, ಅಲ್ಲೇ ಹೊಸಬರ ಕೈ ಸೋಲುತ್ತದೆ. ಸ್ಪರ್ಧೆಯ ಆಸೆ ಇದ್ದವರಿಗೆ ಇನ್ನೊಂದು ಮಾತು. ಅಂತರರಾಷ್ಟ್ರೀಯ ನಿಯಮದಲ್ಲಿ ಕಾಂಪೌಂಡಿಗೆ 60 ಪೌಂಡೇ ಮಿತಿ. ದೂರ 50 ಮೀಟರ್, ಗುರಿಯ ಹಾಳೆ 80 ಸೆಂಟಿಮೀಟರ್, ಹತ್ತರ ವೃತ್ತ 8 ಸೆಂಟಿಮೀಟರ್. 70 ಪೌಂಡಿನ ಬಿಲ್ಲು ಅಲ್ಲಿ ಗೇಟಿನೊಳಗೇ ಹೋಗುವುದಿಲ್ಲ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡಿನ ಐದಕ್ಕೆ ಐದೂ ಚಿನ್ನ ಭಾರತಕ್ಕೇ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಹುಡುಗರು ಆಸೆಪಡುವುದರಲ್ಲಿ ತಪ್ಪೇನಿಲ್ಲ.

ಬಿಲ್ಲನ್ನು ಕೈಗೆ ತೆಗೆದುಕೊಂಡಾಗ ಒಂದು ಕೆಲಸವನ್ನು ಯಾವ ಕಾರಣಕ್ಕೂ ಮಾಡಬೇಡಿ: ಬಾಣವಿಲ್ಲದೆ ಹೆದೆ ಎಳೆದು ಬಿಡುವುದು. ಬಾಣ ಇದ್ದರೆ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯ ಬಹುಭಾಗ ಅದು ಹೊತ್ತೊಯ್ಯುತ್ತದೆ. ಬಾಣ ಇಲ್ಲದಿದ್ದರೆ ಆ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ ಬಡಿಯುತ್ತದೆ. ಹೆದೆ ಕ್ಯಾಮಿನಿಂದ ಹಾರುತ್ತದೆ, ಕ್ಯಾಮ್ ಸೊಟ್ಟಗಾಗುತ್ತದೆ, ರೆಕ್ಕೆ, ಅಂದರೆ ಬಿಲ್ಲಿನ ಬಾಗುವ ಭಾಗ, ಸೀಳುತ್ತದೆ. ಸೀಳು ಕಣ್ಣಿಗೆ ಕಾಣದೆಯೂ ಇರಬಹುದು. ಅದಕ್ಕೇ ಬಳಸಿದ ಬಿಲ್ಲು ಕೊಳ್ಳುವವರು ರೆಕ್ಕೆಗಳ ಉದ್ದಕ್ಕೂ ಹತ್ತಿಯ ಎಳೆ ಸವರಿ ನೋಡಬೇಕು. ಎಳೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಅನುಮಾನ. ಹತ್ತಿಗೆ ನಮ್ಮ ಹುಬ್ಬಳ್ಳಿಯಲ್ಲಿ ಬರವೇನಿಲ್ಲ.

ಕಾಂಪೌಂಡಿನ ಹೆದೆಯನ್ನು ಬೆರಳಿನಿಂದ ಎಳೆಯುವುದಿಲ್ಲ, ರಿಲೀಸ್ ಎಂಬ ಸಣ್ಣ ಸಾಧನದಿಂದ ಎಳೆಯುತ್ತಾರೆ. ಮೊದಲಿಗೆ ಮಣಿಕಟ್ಟಿಗೆ ಕಟ್ಟುವ ಪಟ್ಟಿಯದು ಸಾಕು. ಎಳೆಯುವಾಗ ತೋರುಬೆರಳು ಟ್ರಿಗರ್ ಹಿಂದೆ ಇರಲಿ, ಮೇಲೆ ಬೇಡ. ಆತುರದ ಬೆರಳು ಮುಟ್ಟಿದರೆ ನಿಮ್ಮ ಮುಷ್ಟಿ ನಿಮ್ಮ ಮೂಗಿಗೇ ಬೀಳುತ್ತದೆ.

ಬಾಣದ ವಿಷಯದಲ್ಲಿ ನಮ್ಮವರು ತುಂಬ ಉದಾರಿಗಳು, ಯಾವುದಾದರೂ ನಡೆಯುತ್ತದೆ ಅನ್ನುತ್ತಾರೆ. ನಡೆಯುವುದಿಲ್ಲ. ಕಾರ್ಬನ್ ಬಾಣದ ಮೇಲೆ 340, 400, 500 ಅಂತ ಸಂಖ್ಯೆ ಬರೆದಿರುತ್ತದೆ. 28 ಇಂಚಿನ ಅಂತರದಲ್ಲಿ ಎರಡು ಆಸರೆಯ ಮೇಲೆ ಬಾಣ ಇಟ್ಟು ನಡುವೆ 880 ಗ್ರಾಂ ತೂಗುಬಿಟ್ಟರೆ ಅದು ಒಂದು ಇಂಚಿನ ಎಷ್ಟು ಸಾವಿರಾಂಶ ಬಾಗುತ್ತದೆ ಅನ್ನುವ ಲೆಕ್ಕ ಅದು. ಅಂದರೆ ಸಂಖ್ಯೆ ದೊಡ್ಡದಾದಷ್ಟು ಬಾಣ ಮೆತ್ತಗೆ. 40-45 ಪೌಂಡಿಗೆ, 28 ಇಂಚಿನ ಬಾಣಕ್ಕೆ 500 ಸಾಮಾನ್ಯವಾಗಿ ಹೊಂದುತ್ತದೆ. ತೂಕದ ಲೆಕ್ಕವೂ ಇದೆ: ಒಂದು ಪೌಂಡಿಗೆ ಕನಿಷ್ಠ 5 ಗ್ರೇನ್. 50 ಪೌಂಡಿನ ಬಿಲ್ಲಿಗೆ 250 ಗ್ರೇನ್, ಅಂದರೆ ಸುಮಾರು 16 ಗ್ರಾಂ. ಇದಕ್ಕಿಂತ ಹಗುರಾದ ಬಾಣ ಬಿಟ್ಟರೆ ಬಾಣ ಇಲ್ಲದೆ ಬಿಟ್ಟಂತೆಯೇ. ಪ್ರತಿ ಸಲ ಬಾಣ ಹೂಡುವ ಮುಂಚೆ ಅದರ ಎರಡು ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ, ಕಿವಿಗೊಟ್ಟು ಕೇಳಿ. ಚಟಚಟ ಅಂದರೆ ಮುರಿದು ಬಿಸಾಡಿ. ಸೀಳಿದ ಕಾರ್ಬನ್ ಬಾಣ ಹೆದೆ ಬಿಡುವ ಹೊತ್ತಿಗೆ ಒಡೆದರೆ ಚೂರು ಹೊಗುವುದು ಬಿಲ್ಲು ಹಿಡಿದ ಕೈಯೊಳಗೆ. ದುಡ್ಡಿನ ಮುಖ ನೋಡಬೇಡಿ.

ಗುರಿಹಲಗೆಗೆ ಹೆಚ್ಚು ಖರ್ಚು ಬೇಡ. ಗೋಣಿಚೀಲಕ್ಕೆ ಹಳೆಯ ಸೀರೆ, ಧೋತರ, ಚಿಂದಿಯನ್ನು ಗಿಡಿದು ತುಂಬಿ ಬಾಯಿ ಹೊಲಿದರೆ 45 ಪೌಂಡಿನ ಬಾಣವನ್ನು ಸಲೀಸಾಗಿ ತಡೆಯುತ್ತದೆ. ಗುಂಡಿ, ಝಿಪ್ಪು ಮೊದಲೇ ಕತ್ತರಿಸಿ ತೆಗೆಯಿರಿ. ಚೀಲದ ಹಿಂದೆ ಎತ್ತರದ ಮಣ್ಣಿನ ಒಡ್ಡು ಇರಲೇಬೇಕು. ಊರ ಹೊರಗಿನ ಹೊಲ, ಜನ ದನ ಓಡಾಡದ ಮೂಲೆ ಆರಿಸಿ. ಟೆರೇಸಿನ ಮೇಲೆ ಮಾತ್ರ ಬೇಡವೇ ಬೇಡ. ತಪ್ಪಿದ ಬಾಣ ಎರಡು ಓಣಿ ದಾಟುತ್ತದೆ. ಮೊದಮೊದಲು 10 ಮೀಟರ್ ದೂರ ಸಾಕು. ಕಪ್ಪತಗುಡ್ಡದ ಮೇಲೆ ಗಾಳಿಗಿರಣಿ ಸುಮ್ಮನೆ ನಿಲ್ಲಿಸಿಲ್ಲ, ಗದಗಿನವರಿಗೆ ಮಧ್ಯಾಹ್ನದ ಗಾಳಿಯೇ ದೊಡ್ಡ ತೊಡಕು. ಅಲ್ಲಿಯವರು ಬೆಳಗಿನ ಹೊತ್ತೇ ಹೊರಡಲಿ.

ಬಿಲ್ಲು ಬಾಣ ಕೂಡಿಬಂದಿವೆಯೋ ಇಲ್ಲವೋ ಅನ್ನುವುದನ್ನು ನಿನ್ನೆಯ ದಿನಪತ್ರಿಕೆ ಹೇಳುತ್ತದೆ. ಚೌಕಟ್ಟಿಗೆ ಹಾಳೆಯನ್ನು ಬಿಗಿದು ಎರಡು ಮೀಟರ್ ದೂರದಿಂದ ಅದರ ಮೂಲಕ ಬಾಣ ಬಿಡಿ, ಹಿಂದೆ ಚೀಲ ಇರಲಿ. ಒಂದೇ ತೂತು, ಸುತ್ತ ಗರಿಗಳ ಗೀರು ಬಂದರೆ ಬಾಣ ನೇರ ಹೋಗಿದೆ. ಹರಿದದ್ದು ತೂತಿನ ಮೇಲ್ಗಡೆಗೆ ಉದ್ದವಾಗಿದ್ದರೆ ಬಾಣದ ಬಾಲ ಎತ್ತಿಕೊಂಡು ಹೋಗಿದೆ. ಬಿಲ್ಲಿನ ಮೇಲೆ ಬಾಣ ಕೂರುವ ಆಸರೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿ ಮತ್ತೆ ನೋಡಿ. ಅಕ್ಕಪಕ್ಕಕ್ಕೆ ಹರಿದರೆ ತಿರುಪಿಗೆ ಕೈ ಹಾಕುವ ಮೊದಲು ನಿಮ್ಮ ಹಿಡಿತ ನೋಡಿಕೊಳ್ಳಿ. ಬಿಲ್ಲನ್ನು ಮುಷ್ಟಿ ಬಿಗಿದು ಹಿಡಿಯುವುದು ನಮ್ಮಲ್ಲಿ ಎಲ್ಲರಿಗೂ ಇರುವ ರೋಗ. ಹಿಡಿಕೆ ಹೆಬ್ಬೆರಳಿನ ಬುಡದ ಮೇಲೆ ಒರಗಿರಬೇಕು, ಬೆರಳುಗಳು ಸಡಿಲ.

ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಲ್ಲು ಬಿಟ್ಟು ಮದುವೆ ಊಟಕ್ಕೆ ಹೋಗಬೇಡಿ. ಕಾದರೆ ಹೆದೆ ಹಿಗ್ಗುತ್ತದೆ, ರೆಕ್ಕೆಯ ಪದರ ಬಿಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಗೆ ನೆಂದರೆ ಒರೆಸಿ, ಹೆದೆಗೆ ಮೇಣ ಹಚ್ಚಿ.

ತಿಂಗಳೆರಡು ತಿಂಗಳಾದ ಮೇಲೆ ಬಿಲ್ಲು ಹಗುರ ಅನ್ನಿಸತೊಡಗುತ್ತದೆ. ಆಗ ಪೌಂಡು ಏರಿಸಬಹುದು. ರೆಕ್ಕೆ ಹಿಡಿದ ಬೋಲ್ಟನ್ನು ಒಂದು ಸುತ್ತು ಬಿಗಿದರೆ ಸುಮಾರು 2-3 ಪೌಂಡು ಏರುತ್ತದೆ. ಮೇಲಿನದನ್ನು ಎಷ್ಟು ತಿರುಗಿಸಿದಿರೋ ಕೆಳಗಿನದನ್ನೂ ಅಷ್ಟೇ ತಿರುಗಿಸಿ, ಇಲ್ಲದಿದ್ದರೆ ಕ್ಯಾಮ್‌ಗಳ ತಾಳ ತಪ್ಪುತ್ತದೆ. ಇಳಿಸುವಾಗ ಕಂಪನಿಯ ಕೈಪಿಡಿಯಲ್ಲಿ ಬರೆದ ಸುತ್ತುಗಳಿಗಿಂತ ಒಂದು ಸುತ್ತೂ ಹೆಚ್ಚು ಸಡಿಲಿಸಬೇಡಿ, ರೆಕ್ಕೆ ಕಳಚಿ ಬರುತ್ತದೆ. ಏರಿಸಿದ ದಿನ ಅದೇ ಕುರ್ಚಿಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಬಿಲ್ಲು ಮುಗಿಲಿಗೆ ಏರಿದರೆ ಒಂದು ಸುತ್ತು ಹಿಂದಕ್ಕೆ ತನ್ನಿ.

ನಮಸ್ಕಾರ.