ಪರದೆಯ ಮೇಲಿನ ಚೌಕ, ಹಿಮದಡಿಯ ತಿಮಿಂಗಿಲ

ಸ್ನೇಹಿತರೇ,

ಈಗ ತಾನೇ ನೋಡಿದ ಮ್ಯಾಂಡೆಲ್‌ಬ್ರಾಟ್ ವಿಡಿಯೊ, ಅಂದರೆ ಹಿಗ್ಗಿಸಿದಷ್ಟೂ ಹೊಸ ವಿವರ ತೋರುವ ಆ ಗಣಿತದ ಆಕೃತಿಯ ಚಿತ್ರ, ಕೊನೆಗೆ ಒರಟು ಚೌಕಗಳಾಗಿ ಒಡೆಯಿತಲ್ಲ, “ಆಕೃತಿ ಅಲ್ಲಿಗೆ ಮುಗಿಯಿತೇ ಸರ್?” ಅಂತ ಮುಂದಿನ ಸಾಲಿನಿಂದ ಪ್ರಶ್ನೆ ಬಂತು. ಮುಗಿದದ್ದು ಆಕೃತಿಯಲ್ಲ, ಕಂಪ್ಯೂಟರಿನ ಅಂಕಿಗಳು.

ಸೂತ್ರ ನಿಮಗೆ ಗೊತ್ತು. ಸೊನ್ನೆಯಿಂದ ಶುರು, ಬಂದ ಸಂಖ್ಯೆಯನ್ನು ವರ್ಗ ಮಾಡಿ ‘ಸಿ’ (ಚಿತ್ರದಲ್ಲಿ ಆ ಬಿಂದುವಿನ ಜಾಗ ಹೇಳುವ ಸಂಖ್ಯೆ) ಕೂಡಿಸುವುದು, ಮತ್ತೆ ಅದೇ. ಗಾತ್ರ 2 ದಾಟಿದರೆ ಆ ಬಿಂದು ಆಕೃತಿಯಿಂದ ಹೊರಗೆ. ಎಷ್ಟನೇ ಸುತ್ತಿಗೆ ದಾಟಿತು ಎನ್ನುವುದರ ಮೇಲೆ ಬಣ್ಣ. ಕಂಪ್ಯೂಟರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಮಾಮೂಲಿ ‘ಡಬಲ್’ ಲೆಕ್ಕದಲ್ಲಿ 53 ಬಿಟ್, ಅಂದರೆ ಹದಿನೈದು-ಹದಿನಾರು ಅಂಕಿ. ಚಿತ್ರದ ಅಗಲ ಸಾವಿರ ಪಿಕ್ಸೆಲ್ ಇದ್ದರೆ ಅದಕ್ಕೇ ಮೂರು ಅಂಕಿ ಖರ್ಚು. ಸುಮಾರು 10 ಲಕ್ಷ ಕೋಟಿ ಪಟ್ಟು ಹಿಗ್ಗಿಸುವ ಹೊತ್ತಿಗೆ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಒಂದೇ ‘ಸಿ’ ಸಿಗುತ್ತದೆ, ಬಣ್ಣವೂ ಒಂದೇ ಆಗುತ್ತದೆ. ನೀವು ನೋಡಿದ ಚೌಕ ಅದೇ.

ಎಲ್ಲ ಪಿಕ್ಸೆಲ್ಲಿಗೂ ನೂರು ಅಂಕಿಯ ಲೆಕ್ಕ ಹಾಕಿದರೆ ವಿಪರೀತ ನಿಧಾನ. ಅದಕ್ಕೇ ಒಂದು ಬಿಂದುವನ್ನು ಮಾತ್ರ ಪೂರ್ಣ ನಿಖರತೆಯಲ್ಲಿ ಲೆಕ್ಕ ಹಾಕಿ, ಉಳಿದವುಗಳಿಗೆ ಅದರಿಂದ ಎಷ್ಟು ವ್ಯತ್ಯಾಸ ಅನ್ನುವುದನ್ನಷ್ಟೇ ಡಬಲ್‌ನಲ್ಲಿ ಲೆಕ್ಕಿಸುತ್ತಾರೆ. ಆ ಬಿಂದುವಿನ ದಾರಿಗೂ ಪಿಕ್ಸೆಲ್ಲಿನ ದಾರಿಗೂ ತೀರಾ ಅಂತರ ಬಿದ್ದರೆ ಚಪ್ಪಟೆ ಕಲೆಗಳು ಮೂಡುತ್ತವೆ. ಅಲ್ಲಿ ಹೊಸ ಬಿಂದು ಆರಿಸಬೇಕು. ಇನ್ನು ಇರಬಾರದ ಕಡೆ ಕಪ್ಪು ಮುದ್ದೆ ಕಂಡರೆ ಅದು ಬೇರೆ ತಪ್ಪು. ಸುತ್ತುಗಳ ಮಿತಿ 200ಕ್ಕೇ ನಿಂತಿರುತ್ತದೆ, ಅಷ್ಟರೊಳಗೆ 2 ದಾಟದ ಬಿಂದುವಿಗೆಲ್ಲ ಕಪ್ಪು ಬೀಳುತ್ತದೆ. 5,000ಕ್ಕೆ ಏರಿಸಿ ನೋಡಿ, ಆ ಕಪ್ಪಿನೊಳಗಿಂದಲೇ ಎಷ್ಟೋ ಸುರುಳಿಗಳು ಹೊರಬರುತ್ತವೆ. ನನ್ನ ಆಗ್ರಹ ಇಷ್ಟೇ: ಉಪಕರಣದ ಮಿತಿಯನ್ನು ವಸ್ತುವಿನ ಮಿತಿ ಅಂತ ಬರೆದಿಡಬೇಡಿ.

ಬರೆದಿಟ್ಟರೆ ಏನಾಗುತ್ತದೆ? 1977ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಅಲಾಸ್ಕಾದ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನರ ಬೋಹೆಡ್ (ಉತ್ತರ ಧ್ರುವದ ಕಡೆಯ ಹಿಮಸಾಗರದ ತಿಮಿಂಗಿಲ) ಬೇಟೆಯನ್ನು ನಿಲ್ಲಿಸಲು ಹೊರಟಿತು. ವರ್ಷದ ಕೊನೆಗೆ ಸಣ್ಣದೊಂದು ಕೋಟಾ ಕೊಟ್ಟಿತು, ಆ ಮಾತು ಬೇರೆ. ಉಳಿದಿರುವುದು ಕೆಲವು ನೂರರಿಂದ ಹೆಚ್ಚೆಂದರೆ ಎರಡು ಸಾವಿರ ಅನ್ನುವುದು ಆಗಿನ ಅಂದಾಜು. ಬ್ಯಾರೋ ಪಟ್ಟಣದ ಹತ್ತಿರ, ಹಿಮದ ದಿಬ್ಬದ ಮೇಲೆ ನಿಂತು, ಹಿಮ ಬಿರಿದು ತೆರೆದ ನೀರಿನಲ್ಲಿ ಹಾದುಹೋಗುವ ತಿಮಿಂಗಿಲಗಳನ್ನು ಕಣ್ಣಿನಿಂದ ಎಣಿಸುತ್ತಿದ್ದರು. ಅಲ್ಲಿನ ಹಿರಿಯ ಬೇಟೆ ನಾಯಕ ಹ್ಯಾರಿ ಬ್ರೋವರ್ ವಿಜ್ಞಾನಿ ಟಾಮ್ ಆಲ್ಬರ್ಟ್ ಅವರಿಗೆ ಬೇರೆಯೇ ವಿಷಯ ತಿಳಿಸಿದರು. ಅವು ತೆರೆದ ನೀರಿನಲ್ಲಷ್ಟೇ ಬರುವುದಿಲ್ಲ. ದೂರದಲ್ಲಿ, ಹಿಮದಡಿಯಲ್ಲೂ ಸಾಗುತ್ತವೆ, ತಲೆಯಿಂದ ಹಿಮ ಒಡೆದು ಉಸಿರಾಡುತ್ತವೆ.

ಆಲ್ಬರ್ಟ್ ಅದನ್ನು ಕೇಳಿಸಿಕೊಂಡರಲ್ಲ, ಅದು ದೊಡ್ಡದು! 1980ರ ದಶಕದಲ್ಲಿ ಹಿಮದಂಚಿನಿಂದ ನೀರಿಗೆ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಇಳಿಬಿಟ್ಟರು. ಆ ತಣ್ಣನೆಯ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,440 ಮೀಟರ್. ಒಂದು ಕೂಗು ಎರಡು ಮೈಕ್‌ಗಳಿಗೆ ಅರ್ಧ ಸೆಕೆಂಡ್ ವ್ಯತ್ಯಾಸದಲ್ಲಿ ಮುಟ್ಟಿದರೆ ದಾರಿಗಳ ನಡುವೆ 720 ಮೀಟರ್ ಅಂತರ. ಜಾಗ ಗುರುತಿಸಲು ಕನಿಷ್ಠ ಮೂರು ಮೈಕ್ ಬೇಕು, ಗಡಿಯಾರಗಳು ಹೊಂದಿಕೊಂಡಿರಬೇಕು. ತೊಡಕುಗಳಿಗೇನೂ ಕೊರತೆಯಿಲ್ಲ. ಗಡ್ಡದ ಸೀಲ್ ಇಡೀ ವಸಂತ ರಾಗ ಎಳೆಯುತ್ತಲೇ ಇರುತ್ತದೆ, ಹಿಮ ಉಜ್ಜಾಡುತ್ತದೆ, ಅಂಚೇ ಮುರಿದು ಉಪಕರಣದ ಸಮೇತ ತೇಲಿಹೋಗಬಹುದು. ಒಂದೇ ತಿಮಿಂಗಿಲ ಹತ್ತು ಸಲ ಕೂಗಿದರೆ ಹತ್ತಾಗಿ ಎಣಿಸಬಾರದು, ಸುಮ್ಮನಿದ್ದದ್ದನ್ನು ಬಿಡಲೂಬಾರದು. ಅದಕ್ಕೇ ಕೂಗುಗಳನ್ನು ವೇಗ, ದಿಕ್ಕು ನೋಡಿ ಒಂದೊಂದು ಪಯಣವಾಗಿ ಜೋಡಿಸಿ, ಕಣ್ಣಿನ ಎಣಿಕೆಯ ಜೊತೆ ಬೆರೆಸುತ್ತಾರೆ. 2001ಕ್ಕೆ ಅಂದಾಜು 10 ಸಾವಿರ, 2011ಕ್ಕೆ ಸುಮಾರು 17 ಸಾವಿರ. ಎಲ್ಲವೂ ಎಣಿಕೆಯ ಸುಧಾರಣೆಯಲ್ಲ, ಸಂತತಿಯೂ ನಿಜವಾಗಿ ಬೆಳೆದಿದೆ. ಆದರೆ ಹಳೆಯ ಸಂಖ್ಯೆ ತಪ್ಪಿದ್ದಕ್ಕೆ ಕಾರಣ ಮತ್ತೆ ಅದೇ: ಉಪಕರಣದ ಮಿತಿ.

ಸಮಯ ಮುಗೀತು ಅಂತ ಚೀಟಿ ಬಂದಿದೆ. ಈ ತಿಮಿಂಗಿಲಗಳ ಇನ್ನೂರು ವರ್ಷ ದಾಟಿದ ಆಯಸ್ಸನ್ನು ಅವುಗಳದೇ ಕಣ್ಣಿನ ಮಸೂರದಿಂದ ಅಳೆದ ವಿಷಯ ಬಿಡುತ್ತೇನೆ. ನಾರ್ವೆಯ ಉತ್ತರಕ್ಕಿರುವ ಸ್ಪಿಟ್ಸ್‌ಬರ್ಗನ್ ದ್ವೀಪದ ಕಡೆಯ ಬೋಹೆಡ್ ಗುಂಪು ಇನ್ನೂ ಚಿಕ್ಕದು. ಅದರ ಪಕ್ಕದ ಫ್ರಾಮ್ ಜಲಸಂಧಿಯಲ್ಲಿ ಮೂರು ವರ್ಷಗಳ ಧ್ವನಿಮುದ್ರಣದಲ್ಲಿ 184 ಬಗೆಯ ಹಾಡು ಸಿಕ್ಕಿವೆ. ಹಿಮ ಕರಗಿದಷ್ಟೂ ಹಡಗುಗಳ ಓಡಾಟ ಹೆಚ್ಚು. ಅಲಾಸ್ಕಾ-ರಷ್ಯಾ ನಡುವಿನ ಬೇರಿಂಗ್ ಜಲಸಂಧಿಗೆ 2018ರಲ್ಲಿ ಹಡಗುದಾರಿಗಳನ್ನೂ ತಪ್ಪಿಸಬೇಕಾದ ಪ್ರದೇಶಗಳನ್ನೂ ಗುರುತಿಸಲಾಯಿತು. ವೇಗ ಇಳಿಸಿದರೆ ಡಿಕ್ಕಿಯ ಅಪಾಯವೂ ತಗ್ಗುತ್ತದೆ, ಸಾಮಾನ್ಯವಾಗಿ ಸದ್ದೂ ತಗ್ಗುತ್ತದೆ. ಸದ್ದಿನ ಬಗ್ಗೆ ಯಾರಿಗಾದರೂ ಪ್ರಶ್ನೆಯಿದ್ದರೆ ಅದನ್ನೇ ಮೊದಲು ತಗೊಳ್ಳೋಣ.