ಮಾರುವ ಮನೆಯನ್ನು ಸಿಂಗರಿಸಿ, ಸೀಪೇಜ್ ಮುಚ್ಚಬೇಡಿ

[ಕ್ಯಾಮೆರಾ: ಹಳೇ ಎರಡು ಬೆಡ್‌ರೂಮ್ ಫ್ಲಾಟಿನ ಹಾಲ್. ಕರ್ಟನ್ ಮುಚ್ಚಿದೆ.]

ನಮಸ್ಕಾರ. ಬೆಂಗಳೂರಲ್ಲಿ ಫ್ಲಾಟ್ ಮಾರಲು ಹೊರಟವರು ಮೊದಲು ಬ್ರೋಕರ್‌ಗೆ ಫೋನ್ ಮಾಡುತ್ತಾರೆ, ಆಮೇಲೆ ಮೊಬೈಲಲ್ಲಿ ನಾಲ್ಕು ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ. ಆ ಫೋಟೋದಲ್ಲಿ ಸೋಫಾ ಮೇಲೆ ಮಡಿಸದ ಬಟ್ಟೆ ರಾಶಿ, ಡೈನಿಂಗ್ ಟೇಬಲ್ ತುಂಬ ಔಷಧಿ ಡಬ್ಬಿ, ಬಾಲ್ಕನಿಯಲ್ಲಿ ಹಳೇ ಸೈಕಲ್ಲು. ನೋಡುವವರು ಒಂದೇ ಸೆಕೆಂಡಲ್ಲಿ ಮುಂದಿನ ಫ್ಲಾಟಿಗೆ ಹೋಗುತ್ತಾರೆ. ಮನೆ ಚೆನ್ನಾಗಿಯೇ ಇದೆ. ಆದರೆ ಮನೆ ಕಾಣುತ್ತಲೇ ಇಲ್ಲ.

ಅದನ್ನು ಕಾಣುವ ಹಾಗೆ ಮಾಡುವ ಕೆಲಸವೇ ಹೋಮ್ ಸ್ಟೇಜಿಂಗ್. ನಾನು ಮಾಡುವುದು ಇದನ್ನೇ. 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್ ಕಡೆ ಬಾರ್ಬ್ ಶ್ವಾರ್ಟ್ಸ್ ಎಂಬ ರಿಯಲ್ ಎಸ್ಟೇಟ್ ಏಜೆಂಟ್ ಇದನ್ನು ಒಂದು ಕಸುಬಾಗಿ ಬೆಳೆಸಿದರು. ನಮ್ಮಲ್ಲಿ ಹೆಚ್ಚಿನವರು ಇದನ್ನು ನೋಡಿರುವುದು ಬಿಲ್ಡರ್‌ಗಳ ಸ್ಯಾಂಪಲ್ ಫ್ಲಾಟಿನಲ್ಲಿ. ಅಲ್ಲಿ ನನಗೆ ಸಿಟ್ಟು ಬರಿಸುವ ಕೆಲವು ಚಾಳಿಗಳಿವೆ. ಮಂಚದ ಹಾಸಿಗೆ ಸಾಮಾನ್ಯವಾಗಿ ಆರೂವರೆ ಅಡಿ ಉದ್ದ ಇರಬೇಕು, ಅಲ್ವಾ? ಕೆಲವು ಸ್ಯಾಂಪಲ್ ಫ್ಲಾಟ್‌ಗಳಲ್ಲಿ ಅದಕ್ಕಿಂತ ಗಿಡ್ಡ ಮಂಚವನ್ನೇ ಮಾಡಿಸಿ ಹಾಕಿರುತ್ತಾರೆ, ರೂಮು ದೊಡ್ಡದಾಗಿ ಕಾಣಲಿ ಅಂತ. ಬಾಗಿಲೇ ಇರುವುದಿಲ್ಲ, ಒಂದು ಗೋಡೆ ಪೂರ್ತಿ ಕನ್ನಡಿ. ಇಂಥದ್ದನ್ನು ನಂಬಿ ದುಡ್ಡು ಕಟ್ಟಿ ನಷ್ಟ ಆದರೆ ಬಿಲ್ಡರ್ ಪರಿಹಾರ ಕೊಡಬೇಕಾಗುತ್ತದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 12ನೇ ಸೆಕ್ಷನ್ ಜಾಹೀರಾತಿನ ಜೊತೆಗೆ ಮಾದರಿ ಫ್ಲಾಟನ್ನೂ ಹೆಸರಿಸಿಯೇ ಹೇಳುತ್ತದೆ.

[ಕ್ಯಾಮೆರಾ: ಬಾತ್‌ರೂಮಿನ ನಲ್ಲಿ, ಹತ್ತಿರದಿಂದ]

ಈಗ ಈ ನಲ್ಲಿ ನೋಡಿ. ಬುಡದಲ್ಲಿ ಬಿಳಿ ಪೊರೆ ಕಟ್ಟಿದೆ. ಬೋರ್‌ವೆಲ್ ನೀರು ಬರುವ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಇದ್ದೇ ಇರುತ್ತದೆ. ಮನೆಯವರಿಗೆ ಕಣ್ಣಿಗೆ ಬೀಳುವುದೇ ಇಲ್ಲ, ಹೊಸಬರಿಗೆ ಮೊದಲು ಬೀಳುವುದೇ ಅದು. ಕೆಲಸದವರು ಆಸಿಡ್ ಹಾಕಿ ಉಜ್ಜಿಬಿಡುತ್ತಾರೆ, ಆಗ ಕಲೆಯ ಜೊತೆ ನಲ್ಲಿಯ ಹೊಳಪೂ ಹೋಗುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ಹಳೇ ಬ್ರಷ್‌ನಿಂದ ಉಜ್ಜಿ, ನೀರು ಹಾಕಿ ತೊಳೆಯಿರಿ. ಮಾರ್ಬಲ್ ಮೇಲೆ ಮಾತ್ರ ವಿನೆಗರ್ ಬೀಳಬಾರದು, ಕಲ್ಲನ್ನೇ ತಿಂದು ಹಾಕುತ್ತದೆ.

ಆಮೇಲೆ ಬೆಳಕು. ಅದರ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ, ಸಂಖ್ಯೆ ಕಮ್ಮಿಯಾದಷ್ಟೂ ಬೆಳಕು ಹಳದಿ. ಹಾಲ್‌ನಲ್ಲಿ ಒಂದು ಕಡೆ 6500 ಕೆಲ್ವಿನ್‌ನ ಬಿಳಿ ಟ್ಯೂಬ್, ಇನ್ನೊಂದು ಕಡೆ ಹಳದಿ ಬಲ್ಬ್ ಇದ್ದರೆ ಫೋಟೋದಲ್ಲಿ ಒಂದೇ ಗೋಡೆ ಎರಡು ಬಣ್ಣವಾಗಿ ಕಾಣುತ್ತದೆ. ನಾನು ಹಾಲ್ ಮತ್ತು ಬೆಡ್‌ರೂಮಿಗೆ 3000, ಅಡುಗೆಮನೆಗೆ 4000 ಹಾಕಿಸುತ್ತೇನೆ. ಕರ್ಟನ್ ಪೂರ್ತಿ ಸರಿಸಿ, ಬೆಳಗ್ಗೆ ಹೊತ್ತು ಫೋಟೋ ತೆಗೆಯಿರಿ. ಫೋನಿನ ವೈಡ್ ಲೆನ್ಸ್‌ನಲ್ಲಿ ಜಾಗ ಹಿಗ್ಗಿಸಿ ತೋರಿಸಬೇಡಿ, ಬಂದವರು ಬಾಗಿಲಲ್ಲೇ ಬೇಜಾರಾಗುತ್ತಾರೆ.

ಖುಷಿ ಎಲ್ಲಿದೆ ಅಂದರೆ, ಮನೆ ನೋಡಲು ಬಂದ ದಂಪತಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಸುಮ್ನೆ ಒಂದು ಸುತ್ತು ಹಾಕಿ ಹೊರಡದೆ, ಅಡುಗೆಮನೆಯಲ್ಲಿ ನಿಂತು "ಮಿಕ್ಸಿ ಇಲ್ಲಿಡಬಹುದು, ಅಮ್ಮನಿಗೆ ಆ ರೂಮು" ಅಂತ ಮಾತಾಡಲು ಶುರು ಮಾಡುತ್ತಾರಲ್ಲ, ಅಲ್ಲಿ. ಆ ಮಾತು ಕೇಳಲು ನಾನು ಎಷ್ಟು ಹೊತ್ತು ಬೇಕಾದರೂ ಲಿಫ್ಟ್ ಹತ್ತಿರ ನಿಂತಿರುತ್ತೇನೆ. ಚೌಕಾಸಿಯೂ ಕಮ್ಮಿಯಾಗುತ್ತದೆ. ಒಡೆದ ಸ್ವಿಚ್ ಬೋರ್ಡ್, ಕಿರುಗುಟ್ಟುವ ಬಾಗಿಲು ಕಂಡರೆ ಕೊಳ್ಳುವವರು ಪ್ರತಿಯೊಂದಕ್ಕೂ ಬೆಲೆ ಇಳಿಸುತ್ತಾರೆ, ರಿಪೇರಿ ಖರ್ಚಿಗಿಂತ ಜಾಸ್ತಿಯೇ ಇಳಿಸುತ್ತಾರೆ. ಆದರೆ ಸ್ಟೇಜಿಂಗ್ ಮಾಡಿಸಿದರೆ ಇಂತಿಷ್ಟು ಲಕ್ಷ ಹೆಚ್ಚು ಬರುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಏರಿಯಾ, ರಸ್ತೆ, ದಾಖಲೆ, ಇವುಗಳ ಕೆಲಸವನ್ನು ಸೋಫಾ ಮಾಡಲಾರದು.

ಕಷ್ಟದ ವಿಷಯಕ್ಕೆ ಬರೋಣ. ದುಡ್ಡು ಮೊದಲೇ ಹೋಗುತ್ತದೆ, ಮನೆ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಖಾಲಿ ಫ್ಲಾಟಿಗೆ ಬಾಡಿಗೆ ಫರ್ನಿಚರ್ ತರಿಸಿದರೆ ಎಷ್ಟೋ ಕಡೆ ಕನಿಷ್ಠ ಮೂರು ತಿಂಗಳ ಬಾಡಿಗೆ ಕೇಳುತ್ತಾರೆ. ಅಸೋಸಿಯೇಷನ್‌ನವರ ನಿಯಮ ಬೇರೆ: ಭಾನುವಾರ ಸಾಮಾನು ಸಾಗಿಸುವಂತಿಲ್ಲ, ಸರ್ವಿಸ್ ಲಿಫ್ಟೇ ಬಳಸಬೇಕು. ಬಾಡಿಗೆಯವರು ಇರುವ ಮನೆಯಾದರೆ ಇನ್ನೂ ಕಷ್ಟ. ಅವರಿಗೆ ಇದರಿಂದ ಏನೂ ಸಿಗುವುದಿಲ್ಲ, ದಿನಾ ಯಾರೋ ಬಂದು ಬೀರು ತೆಗೆದು ನೋಡಿದರೆ ಯಾರಿಗೆ ತಾನೆ ಇಷ್ಟ? ಮುಂಚೆಯೇ ಟೈಮ್ ಕೇಳಿ, ಆ ತಿಂಗಳ ಬಾಡಿಗೆಯಲ್ಲಿ ಸ್ವಲ್ಪ ಬಿಡಿ.

ಇನ್ನೊಂದು, ಮನಸ್ಸಿಗೆ ತಟ್ಟುವಂಥದ್ದು. ಜಯನಗರದ ಒಂದು ಹಳೇ ಮನೆಯಲ್ಲಿ ಹಾಲ್‌ನ ನಟ್ಟನಡುವೆ ಯಜಮಾನರ ಫೋಟೋ, ಗಂಧದ ಹಾರ. "ಇದನ್ನೂ ತೆಗೀಬೇಕೇನಮ್ಮ?" ಅಂದರು ಆ ಅಜ್ಜಿ. ಪುಸ್ತಕದಲ್ಲಿರುವ ಉತ್ತರ "ಹೌದು, ಸ್ವಂತ ಫೋಟೋಗಳು ಇರಬಾರದು". ನಾನು, "ಬೇಡ ಅಜ್ಜಿ, ನಿಮ್ಮ ರೂಮಲ್ಲಿ ಇಡೋಣ, ನೀವೇ ಇಡಿ" ಅಂದೆ. ಅವರೇ ಒರೆಸಿ ಇಟ್ಟರು. ದೇವರ ಮನೆಯನ್ನಂತೂ ನಾನು ಮುಟ್ಟುವುದಿಲ್ಲ, ಅದು ತುಂಬಿದ್ದರೇ ಇಲ್ಲಿನ ಜನಕ್ಕೆ ಚೆಂದ.

[ಕ್ಯಾಮೆರಾ: ಬಣ್ಣ ಉಬ್ಬಿದ ಗೋಡೆ]

ಎಲ್ಲಕ್ಕಿಂತ ದೊಡ್ಡ ತಲೆನೋವು ಇದು: ಸೀಪೇಜ್, ಅಂದರೆ ಗೋಡೆಯೊಳಗೆ ನೀರು ಜಿನುಗುವುದು. ಬಾತ್‌ರೂಮ್ ಹಿಂದಿನ ಗೋಡೆ, ಪೇಂಟ್ ಉಬ್ಬಿದೆ, ಒತ್ತಿದರೆ ಪುಟ್ಟಿ ಉದುರುತ್ತದೆ. "ಮೇಲೆ ಒಂದು ಕೋಟ್ ಹೊಡೆಸಿಬಿಡಿ, ವಾಲ್‌ಪೇಪರ್ ಅಂಟಿಸಿಬಿಡಿ" ಅಂತ ಹೇಳುವ ಮಾಲೀಕರು ಬಹಳ. ನಾನು ಒಪ್ಪುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯವಾಗಿ ನೋಡಿದರೆ ಸಿಗದ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು. ಕಾನೂನು ಬಿಡಿ, ಸಾಲ ಮಾಡಿ ಮನೆ ತಗೊಂಡವರು ಮೊದಲ ಮಳೆಗೇ ಆ ಗೋಡೆ ನೋಡಿ ಕೂರಬೇಕು. ಅದು ನನ್ನ ಕೈಯಿಂದ ಆಗಬಾರದು.

ಹಾಗಾಗಿ ಮಾರುವ ಯೋಚನೆ ಇದ್ದರೆ ಮೊದಲು ಪ್ಲಂಬರ್ ಕರೆಸಿ, ಪೈಪಿನದೋ ಟೈಲ್ಸ್ ಜಾಯಿಂಟ್‌ನದೋ ಪತ್ತೆ ಮಾಡಿಸಿ. ಮೇಲಿನ ಮನೆಯದ್ದಾದರೆ ಅಸೋಸಿಯೇಷನ್‌ಗೆ ಬರೆದು ಕೊಡಿ. ರಿಪೇರಿ ಆದ ಮೇಲೆ ಗೋಡೆ ಪೂರ್ತಿ ಒಣಗಲಿ, ಅದಕ್ಕೆ ವಾರಗಳೇ ಬೇಕು, ಒದ್ದೆ ಗೋಡೆಗೆ ಹೊಡೆದ ಪೇಂಟ್ ಮತ್ತೆ ಉಬ್ಬುತ್ತದೆ. ಬಿಲ್ಲನ್ನು ಖಾತಾ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿಗಳ ಫೈಲಿನಲ್ಲೇ ಇಟ್ಟು, ನೋಡಲು ಬಂದವರಿಗೆ ಗೋಡೆಯ ಜೊತೆ ಅದನ್ನೂ ತೋರಿಸಿ.