ಹೊಸ ಗೇರು 1500 ಕಿಲೋಮೀಟರಿಗೇ ಚಾಕುವಾಗಿದ್ದು ಹೇಗೆ?

[ಹತ್ತಿರದ ದೃಶ್ಯ: ಅಂಗೈ ಮೇಲೆ ಚಿಕ್ಕ ಗೇರು]

ಹಳೆಯ ಜೀಪಿನ ಎಂಜಿನ್ನಿನಿಂದ ಬಿಚ್ಚಿದ ಈ ಹಲ್ಲಿನ ಗೇರನ್ನು ನೋಡಿ. ಹಲ್ಲಿನ ತುದಿ ಕಾಣಿಸುತ್ತಿದೆಯಾ? ಚಪ್ಪಟೆಯಾಗಿ ಇರಬೇಕಿತ್ತು, ಚಾಕುವಿನ ಬಾಯಿ ಹಾಗಾಗಿದೆ. ಉಗುರು ಎಳೆದರೆ ಅಂಚಿನಲ್ಲಿ ಎದ್ದಿರುವ ಸಿಬಿರು ಸಿಕ್ಕಿಕೊಳ್ಳುತ್ತೆ. ಐವತ್ತು ವರ್ಷ ಓಡಿದ ಗೇರು ಅಂದುಕೊಂಡಿರಾ? ಇದು ಓಡಿರುವುದು 1500 ಕಿಲೋಮೀಟರ್. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಮೂರು ಸಲ ಹೋಗಿ ಬಂದಷ್ಟು.

ನಮಸ್ಕಾರ. ಇದನ್ನು ಕಳಿಸಿದವರು ಮೂಡಿಗೆರೆ ಕಡೆಯ ಒಬ್ಬ ವೀಕ್ಷಕರು. ಕಾಫಿ ತೋಟದ ಹಳೆಯ ಪೆಟ್ರೋಲ್ ಜೀಪು, 2199 ಸಿಸಿ ಹರಿಕೇನ್ ಎಂಜಿನ್. ಅಪ್ಪನ ಕಾಲದ ಗಾಡಿ ಅಂತ ಆಸೆಯಿಂದ ಎಂಜಿನ್ ಬಿಚ್ಚಿಸಿ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಕಟ್ಟಿಸಿದ್ದಾರೆ. ಒಂದು ತಿಂಗಳು ಗಾಡಿ ಬಂಗಾರ. ಆಮೇಲೆ ಚಾರ್ಮಾಡಿ ಘಾಟಿ ಹತ್ತುವಾಗ ಪಿಕಪ್ ಇಲ್ಲ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿ ಮಾಡಿಸಿದರೆ ವಾರದಲ್ಲಿ ಮತ್ತೆ ಹಿಂದಕ್ಕೆ ಬೀಳುತ್ತೆ. ಅವರ ಮೆಸೇಜು ಹೀಗಿತ್ತು: "ಅಣ್ಣಾ, ಡಿಸ್ಟ್ರಿಬ್ಯೂಟರ್ ಗೇರು ಹೋಗಿದೆಯಂತೆ. ಹೊಸದು ಹಾಕಿದರೆ ಸಾಕಾ?"

ಸಾಲದು. ಯಾಕೆ ಅಂತ ಹೇಳುವುದಕ್ಕೇ ಈ ವಿಡಿಯೋ.

ಮೊದಲು ಬೇಗ ಬೇಗ ಪೀಠಿಕೆ ಮುಗಿಸಿಬಿಡೋಣ. ಡಿಸ್ಟ್ರಿಬ್ಯೂಟರ್ ಅಂದರೆ ಯಾವ ಪ್ಲಗ್ಗಿಗೆ ಯಾವಾಗ ಕಿಡಿ ಅಂತ ಹಂಚುವ ಡಬ್ಬಿ. ಅದನ್ನು ತಿರುಗಿಸುವುದು ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್, ಓರೆ ಹಲ್ಲಿನ ಗೇರಿನ ಮೂಲಕ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಇದು ಒಂದು ಸುತ್ತು. ಇವತ್ತಿನ ಕಾರುಗಳಲ್ಲಿ ಈ ಡಬ್ಬಿಯೇ ಇಲ್ಲ, ಪ್ಲಗ್ಗಿನ ತಲೆ ಮೇಲೇ ಕಾಯಿಲ್ ಕೂತಿರುತ್ತೆ. ಹೊಸ ಗಾಡಿಯವರು ಸುಮ್ನೆ ಮಜಾ ತಗೊಳ್ಳಿ.

ಈಗ ಒಂದು ತಕರಾರು. ಈ ಜೀಪಿನಲ್ಲಿ ಡಿಸ್ಟ್ರಿಬ್ಯೂಟರ್ ಗೇರು ಅನ್ನುವುದು ಡಿಸ್ಟ್ರಿಬ್ಯೂಟರಿನಲ್ಲಿ ಇಲ್ಲವೇ ಇಲ್ಲ! ಇರುವುದು ಆಯಿಲ್ ಪಂಪಿನ ಶಾಫ್ಟಿನ ಮೇಲೆ. ಎಂಜಿನ್ನಿನ ಎಡಗಡೆ ಪಂಪು, ಬಲಗಡೆ ಡಿಸ್ಟ್ರಿಬ್ಯೂಟರ್. ಪಂಪಿನ ಶಾಫ್ಟಿನ ತುದಿಯಲ್ಲಿರುವ ಸೀಳಿಗೆ ಡಿಸ್ಟ್ರಿಬ್ಯೂಟರಿನ ನಾಲಗೆ ಕೂತುಕೊಳ್ಳುತ್ತೆ, ಅಷ್ಟೇ. ಆಯಿಲ್ ಲೀಕ್ ಅಂತ ಪಂಪು ಬಿಚ್ಚಿ ಅಂದಾಜಿನಲ್ಲಿ ವಾಪಸ್ ಹಾಕಿದರೆ ಗಾಡಿ ಸ್ಟಾರ್ಟೇ ಆಗದಿರುವುದು ಇದಕ್ಕೇ. ಎಷ್ಟು ಜನ ಇದರಿಂದ ಒಂದು ಭಾನುವಾರ ಕಳೆದುಕೊಂಡಿದ್ದಾರೋ. ನಾನಂತೂ ಎರಡು.

ಇದು ಬರೀ ಹೆಸರಿನ ಜಗಳ ಅಲ್ಲ. ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ.

[ಎರಡೇ ಬೆರಳಲ್ಲಿ ಶಾಫ್ಟ್ ತಿರುಗಿಸುವುದು]

ಮಗು ಕೂಡ ತಿರುಗಿಸುತ್ತೆ. ಇಷ್ಟು ಹಗುರದ ಕೆಲಸಕ್ಕೆ ಕಬ್ಬಿಣದ ಹಲ್ಲು ಸವೆಯುತ್ತಾ? ಹಲ್ಲಿನ ಮೇಲೆ ಕೂತಿರುವ ಹೊರೆ ಆಯಿಲ್ ಪಂಪಿನದು. ಅಮೆರಿಕದ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ನುಗಳಲ್ಲೂ ಇದೇ ಕತೆ. 1955ರಲ್ಲಿ ಬಂದ ಶೆವ್ರೋಲೆ ಸ್ಮಾಲ್ ಬ್ಲಾಕಿನಲ್ಲಿ ಗೇರು ಡಿಸ್ಟ್ರಿಬ್ಯೂಟರಿನಲ್ಲೇ ಇದೆ, ಆದರೆ ಅದರ ಬುಡದಿಂದ ಒಂದು ಸಲಾಕೆ ಇಳಿದು ಪಂಪನ್ನು ತಿರುಗಿಸುತ್ತೆ.

ಜೊತೆಗೆ ಈ ಗೇರಿನ ಜಾತಿಯೇ ಬೇರೆ. ಸಾಮಾನ್ಯ ಗೇರಿನ ಹಲ್ಲುಗಳು ಒಂದರ ಮೇಲೊಂದು ಹೆಚ್ಚಾಗಿ ಉರುಳುತ್ತವೆ, ಲಟ್ಟಣಿಗೆ ಥರ. ಇಲ್ಲಿ ಎರಡು ಶಾಫ್ಟು ಒಂದಕ್ಕೊಂದು ಅಡ್ಡ. ಹಲ್ಲು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ, ಅದೂ ಉಜ್ಜಿಕೊಂಡು. ಸಾಣೆಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ. ಸವೆಯುವುದು ಕೊರಡು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ನಮ್ಮ ಅಜ್ಜಿಯ ಸಾಣೆಕಲ್ಲು ನೋಡಿ. ನಡುವೆ ಗುಳಿ ಬಿದ್ದಿದೆ. ಕಲ್ಲೂ ಸವೆಯುತ್ತೆ.

ಈಗ ನನಗೆ ತುಂಬ ಇಷ್ಟವಾದ ವಿಷಯ. ಎಡಿಟರ್ ಇದನ್ನು ಕತ್ತರಿಸು ಅಂದ. ಆಗಲ್ಲ ಅಂದೆ.

ಈ ಗೇರನ್ನು ಸ್ವಲ್ಪ ತಿರುಗಿಸುತ್ತೇನೆ. ಎಲ್ಲ ಹಲ್ಲೂ ಸವೆದಿವೆ. ಆದರೆ ಇಲ್ಲಿ ನೋಡಿ, ಒಂದು, ಎರಡು, ಮೂರು. ಈ ಮೂರು ಮಾತ್ರ ಜಾಸ್ತಿ ಹೋಗಿವೆ. ಪಕ್ಕದ್ದು ಪರವಾಗಿಲ್ಲ. ಹೊರೆ ಎಲ್ಲಕ್ಕೂ ಒಂದೇ, ಹಾಗಾದರೆ ಈ ಮೂರರ ಮೇಲೆ ಯಾರಿಗೆ ಸಿಟ್ಟು?

ಲೆಕ್ಕ ಹಾಕಿ. ಡಿಸ್ಟ್ರಿಬ್ಯೂಟರ್ ತಿರುಗುವ ವೇಗ, ಕ್ಯಾಮ್‌ಶಾಫ್ಟ್ ತಿರುಗುವ ವೇಗ, ಎರಡೂ ಒಂದೇ. ಅಂದರೆ ಎರಡೂ ಗೇರಿನ ಹಲ್ಲು ಸಮ ಸಮ. ಅಂದರೆ ಈ ಒಂದು ಹಲ್ಲು ಪ್ರತಿ ಸುತ್ತಿನಲ್ಲೂ ಕ್ಯಾಮಿನ ಅದೇ ಒಂದು ಹಲ್ಲನ್ನು ಮುಟ್ಟುತ್ತೆ. ಬೇರೆಯದರ ಮುಖ ನೋಡುವುದಿಲ್ಲ. ಏಕಪತ್ನಿ ವ್ರತ!

ಇದೇ ಜೀಪಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಹೋಗಿ. 5.38 ರೇಶಿಯೋದ ಕ್ರೌನಿನಲ್ಲಿ, ಅಂದರೆ ದೊಡ್ಡ ಗೇರಿನಲ್ಲಿ, 43 ಹಲ್ಲು; ಪಿನಿಯನ್ನಿನಲ್ಲಿ, ಅಂದರೆ ಚಿಕ್ಕದರಲ್ಲಿ, 8. ಎರಡಕ್ಕೂ ಸಾಮಾನ್ಯ ಭಾಜಕ ಇಲ್ಲ. ಇಲ್ಲಿ ಒಂದು ಜೋಡಿ ಮತ್ತೆ ಮುಖಾಮುಖಿ ಆಗಬೇಕಾದರೆ ಪಿನಿಯನ್ 43 ಸುತ್ತು ಹಾಕಬೇಕು. ಬೇಕಂತಲೇ ಹಾಗೆ ಮಾಡುತ್ತಾರೆ, ಒಂದು ಹಲ್ಲಿನ ತಪ್ಪು ಎಲ್ಲರಿಗೂ ಚೂರು ಚೂರು ಹಂಚಿಹೋಗಲಿ ಅಂತ. ಊರ ಜಾತ್ರೆಯಲ್ಲಿ ಎಲ್ಲರೂ ಎಲ್ಲರನ್ನೂ ಮಾತಾಡಿಸಿದ ಹಾಗೆ. ಕ್ಯಾಮ್ ಗೇರಿನಲ್ಲಿ ಆ ಜಾತ್ರೆ ಇಲ್ಲ. ಅಲ್ಲಿ ಒಂದು ಹಲ್ಲಿಗೆ ಪೆಟ್ಟಾಗಿದ್ದರೆ ಅದರ ಜೋಡಿಗೆ ಮಾತ್ರ ಶಿಕ್ಷೆ, ದಿನವಿಡೀ.

ದಿನವಿಡೀ ಅಂದರೆ ಎಷ್ಟು? ಘಾಟಿ ರಸ್ತೆಯಲ್ಲಿ ಸರಾಸರಿ 30 ಕಿಲೋಮೀಟರ್ ವೇಗ ಅಂತ ಇಟ್ಟುಕೊಂಡರೆ 1500 ಕಿಲೋಮೀಟರಿಗೆ 50 ಗಂಟೆ. ಎಂಜಿನ್ 2400 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು; ಗೇರು ಅದರ ಅರ್ಧ, 1200. ಒಟ್ಟು 36 ಲಕ್ಷ ಸುತ್ತು. ಒಂದೇ ಜೋಡಿ 36 ಲಕ್ಷ ಸಲ ಉಜ್ಜಿಕೊಂಡಿದೆ.

[ಟಾರ್ಚ್ ಹಾಕಿ ಪಂಪಿನ ತೂತಿನೊಳಗೆ]

ಹಾಗಾಗಿ ಪಂಪು ತೆಗೆದ ತೂತಿನಲ್ಲಿ ಟಾರ್ಚ್ ಬಿಟ್ಟು ಹ್ಯಾಂಡಲ್ಲಿನಿಂದ ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿದೆವು. ಸಿಕ್ಕಿತು. ಕ್ಯಾಮಿನ ಮೂರು ಹಲ್ಲಿನ ಅಂಚಿನಲ್ಲಿ ಹಳೆಯ ಗಾಯ. ಒಂದಾನೊಂದು ಕಾಲದಲ್ಲಿ ಯಾರೋ ಸುತ್ತಿಗೆಯಲ್ಲಿ ಮಾತಾಡಿಸಿದ್ದಾರೆ. ಅದೇ ಹಳೆಯ ಕ್ಯಾಮಿನ ಮೇಲೆ ಹೊಸ ಗೇರು ಕೂರಿಸಿದ್ದಾರೆ. ಈಗ ಇನ್ನೊಂದು ಹೊಸ ಗೇರು ಹಾಕಿದರೂ ಇನ್ನೊಂದು ಚಾಕು ತಯಾರಾಗುತ್ತಿತ್ತು, ಅಷ್ಟೇ.

ಇದು ಆ ಮೂರು ಹಲ್ಲಿನ ಕತೆ. ಮಿಕ್ಕವು ಯಾಕೆ ಸವೆದವು? ಉತ್ತರ ಪಂಪಿನ ರಿಲೀಫ್ ವಾಲ್ವಿನಲ್ಲಿತ್ತು. ಕುಕ್ಕರಿಗೆ ವಿಷಲ್ ಹೇಗೋ ಪಂಪಿಗೆ ಇದು ಹಾಗೆ. ಒತ್ತಡ ಜಾಸ್ತಿಯಾದರೆ ಸ್ಪ್ರಿಂಗು ಸರಿದು ಆಯಿಲನ್ನು ವಾಪಸ್ ಬಿಡುತ್ತೆ. ಸ್ಪ್ರಿಂಗಿನ ಹಿಂದೆ ಮೂರು ವಾಷರ್ ತುರುಕಿದ್ದರು. ಯಾಕೆ? ಹೊಸ ಎಂಜಿನ್ ಅಂದಮೇಲೆ ಆಯಿಲ್ ಮೀಟರಿನ ಮುಳ್ಳು ಎದ್ದು ನಿಲ್ಲಬೇಕಲ್ಲ, ಓನರಿಗೆ ಖುಷಿಯಾಗಬೇಕಲ್ಲ! ಒತ್ತಡ ಹೊಂದಿಸುವುದಕ್ಕೆ ಶಿಮ್ ಅನ್ನುವ ತೆಳುವಾದ ಬಿಲ್ಲೆ ಹಾಕುವುದು ಇದೆ, ತಪ್ಪಲ್ಲ. ಆದರೆ ಮುಳ್ಳನ್ನು ಎತ್ತುವುದಕ್ಕೆ ವಾಷರ್ ಹಾಕಿದರೆ ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ಇದೇ ಹಲ್ಲಿನಿಂದ. ಪಂಪು ಅದೇ ಇದ್ದು ಒತ್ತಡ ಚದರ ಇಂಚಿಗೆ 40 ಪೌಂಡಿನಿಂದ 60ಕ್ಕೆ ಏರಿದರೆ ಹಲ್ಲಿನ ಮೇಲಿನ ಹೊರೆಯೂ ಸುಮಾರು ಒಂದೂವರೆ ಪಟ್ಟು. ಡಿಸೆಂಬರ್ ಬೆಳಗ್ಗೆ ಆರು ಗಂಟೆ, ತೋಟದಲ್ಲಿ ಮಂಜು, ಆಯಿಲ್ ಗಟ್ಟಿ. ಆಗ ಸ್ಟಾರ್ಟ್ ಮಾಡಿ ಕೂಡಲೇ ಆಕ್ಸಿಲರೇಟರ್ ಒತ್ತಿದರೆ ಒತ್ತಡ ವಾಲ್ವ್ ಬಿಡುವಷ್ಟು ಮೇಲಕ್ಕೆ ಹೋಗಿ ನಿಲ್ಲುತ್ತೆ. ವಾಷರ್ ತನ್ನ ಕೆಲಸ ಮಾಡುವುದು ಆಗಲೇ.

[ಗಡಿಯಾರದ ಚಿತ್ರ]

ಸಮಯ ಆಗ್ತಾ ಬಂತು. ಗಂಧ ತೇಯ್ದಿದ್ದು ಜಾಸ್ತಿ ಆಯ್ತು ಅನಿಸುತ್ತೆ. ಉಳಿದದ್ದು ಓಡುತ್ತಾ ಹೇಳುತ್ತೇನೆ.

ವಿ8 ಕಟ್ಟುವವರಿಗೆ ಬರುವ ಮುಖ್ಯ ತೊಂದರೆ ಲೋಹದ್ದು. ಬೀಡು ಕಬ್ಬಿಣದ ಕ್ಯಾಮಿಗೆ ಬೀಡಿನ ಗೇರು ಸರಿ. ರೋಲರ್ ಟ್ಯಾಪೆಟ್ಟಿನ, ಅಂದರೆ ಕ್ಯಾಮಿನ ಮೇಲೆ ಉರುಳುವ ಚಕ್ರ ಇರುವ ಟ್ಯಾಪೆಟ್ಟಿನ, ಉಕ್ಕಿನ ಕ್ಯಾಮ್ ಹಾಕಿ ಬೀಡಿನ ಗೇರನ್ನು ಹಾಗೇ ಬಿಟ್ಟರೆ ಕೆಟ್ಟಿತು. ಅಲ್ಲಿ ಕಂಚಿನ ಗೇರೋ ಹದ ಮಾಡಿದ ಉಕ್ಕಿನ ಗೇರೋ ಬೇಕು. ಕಂಚು ಬೇಕಂತಲೇ ಮೆತ್ತಗೆ. ದುಬಾರಿ ಕ್ಯಾಮ್ ಉಳಿಯಲಿ, ಅಗ್ಗದ ಗೇರು ಸಾಯಲಿ ಅಂತ. ಆಗಾಗ ತೆಗೆದು ನೋಡುತ್ತಿರಬೇಕು. ಅಲ್ಲೇ ಇನ್ನೊಂದು: ಬ್ಲಾಕು, ಹೆಡ್ಡು ಉಜ್ಜಿಸಿದರೆ ಡಿಸ್ಟ್ರಿಬ್ಯೂಟರನ್ನು ಹೊತ್ತ ಮ್ಯಾನಿಫೋಲ್ಡ್ ಕೆಳಗಿಳಿದು ಡಿಸ್ಟ್ರಿಬ್ಯೂಟರೂ ಇಳಿಯುತ್ತೆ, ಗೇರು ಬ್ಲಾಕಿಗೆ ತಾಗುತ್ತೆ. ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ಅಚ್ಚು ಬೀಳುತ್ತೆ ನೋಡಿ. ಬಣ್ಣ ಇಲ್ಲವಾ, ಲಿಪ್‌ಸ್ಟಿಕ್ ನಡೆಯುತ್ತೆ. ಮನೆಯಲ್ಲಿ ಕೇಳಿ ತಗೊಳ್ಳಿ.

ಎಲ್ಲರಿಗೂ ಅನ್ವಯಿಸುವುದು: ಬೋರ್ ಮಾಡಿದ ಪುಡಿಯನ್ನು ಆಯಿಲ್ ದಾರಿಗಳಿಂದ ಪೂರ್ತಿ ತೊಳೆಯಿರಿ. ಫಿಲ್ಟರ್ ಇರುವುದು ಪಂಪಿನ ನಂತರ, ಪಂಪಿಗೆ ಬರುವ ಆಯಿಲು ದಾಟುವುದು ಬರೀ ಜಾಲರಿ, ಸಣ್ಣ ಪುಡಿ ಅಲ್ಲಿ ನಿಲ್ಲುವುದಿಲ್ಲ. ಹೊಸ ಹಲ್ಲಿಗೆ ಅಸೆಂಬ್ಲಿ ಪೇಸ್ಟ್ ಹಚ್ಚಿ. ಪಂಪಿಗೆ ಆಯಿಲ್ ತುಂಬಿ ಕೂರಿಸಿ, ಪ್ಲಗ್ ತೆಗೆದು ಮೀಟರ್ ಏಳುವ ತನಕ ಕ್ರ್ಯಾಂಕ್ ಮಾಡಿ.

ಅನುಮಾನ ಬಂದರೆ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ತಿರುಗುವ ರೋಟರ್ ಹಿಡಿದು ಆಚೆ ಈಚೆ ತಿರುಗಿಸಿ. ಒಂದು ಕಡೆಗೆ ಹೋಗಿ ಸ್ಪ್ರಿಂಗಿನ ಥರ ತಾನೇ ವಾಪಸ್ ಬಂದರೆ ಅದು ವೇಗ ಏರಿದಾಗ ಕಿಡಿಯನ್ನು ಬೇಗ ಹಾರಿಸುವ ವ್ಯವಸ್ಥೆಯ ಅಡ್ವಾನ್ಸ್ ಸ್ಪ್ರಿಂಗ್, ಗಾಬರಿ ಬೇಡ. ಬಿಟ್ಟಲ್ಲೇ ಸಡಿಲವಾಗಿ ನಿಂತರೆ ಕೆಳಗೆ ಗೇರಿನಲ್ಲಿ ಪ್ಲೇ, ಅಂದರೆ ಸಡಿಲ, ಇದೆ. ಟೈಮಿಂಗ್ ಲೈಟಿನಲ್ಲಿ ಗುರುತು ಕುಣಿಯುತ್ತಿದ್ದರೂ ಅದೇ ಅನುಮಾನ.

ಮೂಡಿಗೆರೆ ಜೀಪಿಗೆ ಕ್ಯಾಮೂ ಗೇರೂ ಎರಡೂ ಹೊಸದಾಗಿ ಬಿದ್ದಿವೆ. ವಾಷರ್ ಮೂರೂ ನನ್ನ ಮೇಜಿನ ಮೇಲಿವೆ. ಗಾಡಿ ಈಗ 600 ಕಿಲೋಮೀಟರ್ ಓಡಿದೆ. 1500 ಆದ ದಿನ ಪಂಪು ಬಿಚ್ಚಿ ಹಲ್ಲು ನೋಡುತ್ತೇವೆ, ಕ್ಯಾಮೆರಾ ಮುಂದೆಯೇ. ಈ ಸಲ ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳುತ್ತೇನೆ. ಇನ್ನೊಂದು ಭಾನುವಾರ ನನ್ನ ಹತ್ತಿರ ಇಲ್ಲ.